ಒಂದು ಕೇಜಿನ ಲೆಕ್ಕ

"ನಾಯೀನ ಶೆಲ್ಟರಿಗೆ ಬಿಟ್ಟು ಬಂದ್ವಿ." ಈ ಮಾತನ್ನು ನಮ್ಮ ಜನ ಎಂಥ ನೆಮ್ಮದಿಯಿಂದ ಹೇಳುತ್ತಾರೆ, ಗಮನಿಸಿದ್ದೀರಾ? ಮಗುವನ್ನು ಒಳ್ಳೆಯ ಹಾಸ್ಟೆಲ್ಲಿಗೆ ಸೇರಿಸಿ ಬಂದವರ ಹಾಗೆ. ಕೇಳಿದವರೂ "ಒಳ್ಳೇದಾಯ್ತು ಬಿಡಿ, ಬೀದಿಗೆ ಬಿಡ್ಲಿಲ್ವಲ್ಲ" ಎನ್ನುತ್ತಾರೆ. ಅಲ್ಲಿಗೆ ಎರಡೂ ಕಡೆಯ ಲೆಕ್ಕ ಚುಕ್ತಾ. ಈ ನೆಮ್ಮದಿ ಅವರಿಗೆ ಸಲ್ಲತಕ್ಕದ್ದಲ್ಲ ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಸಂಪಾದಕರು ಕವಿತೆ ಕೇಳಿದ್ದರು. ನಾನು ಕಾಮರ್ಸ್ ಓದುವವಳು, ನನಗೆ ಬರುವುದು ಲೆಕ್ಕ. ಅದನ್ನೇ ಕೊಡುತ್ತೇನೆ, ಮಿತ್ರರು ಸಹಿಸಿಕೊಳ್ಳಬೇಕು.

ನಾನು ಭಾನುವಾರ ಹೋಗುವ ಶೆಲ್ಟರಿನ ಹೆಸರು ಇಲ್ಲಿ ಬೇಡ. ಸೆಂಟ್ರಲ್ ಲೈನಿನಲ್ಲಿ ಇಳಿದು, ಷೇರ್ ರಿಕ್ಷಾ ಹಿಡಿದು, ಆಮೇಲೆ ಹತ್ತು ನಿಮಿಷ ನಡೆಯಬೇಕು. ಎನ್‌ಎಸ್‌ಎಸ್‌ನವರಿಗೆ ಎರಡು ವರ್ಷದಲ್ಲಿ 240 ಗಂಟೆ ತುಂಬಿಸಿ ಕೊಡಬೇಕಲ್ಲ, ಅದಕ್ಕೆ ಹೋದದ್ದು. ಪ್ರಾಣಿದಯೆ ಉಕ್ಕಿ ಹೋದದ್ದೇನೂ ಅಲ್ಲ. ಮೊದಲ ದಿನವೇ ಅವರು ಕೇಳಿದ್ದು "ರೇಬೀಸ್ ಇಂಜೆಕ್ಷನ್ ಆಗಿದೆಯಾ?" ಎಂದು. ನಾಯಿ ಕಚ್ಚುವ ಮೊದಲೇ ಹಾಕಿಸಿಕೊಳ್ಳುವ ಲಸಿಕೆ ಅದು. ಅದು ಮುಗಿಯುವ ತನಕ ಪೊರಕೆ ಕೂಡ ಕೈಗೆ ಕೊಡಲಿಲ್ಲ.

ಶೆಲ್ಟರ್ ಎಂದ ಕೂಡಲೆ ಹಸಿರು ಹುಲ್ಲಿನ ಮೇಲೆ ನಾಯಿಮರಿಗಳು ಉರುಳಾಡುವ ಕ್ಯಾಲೆಂಡರ್ ಚಿತ್ರ ನಿಮ್ಮ ಕಣ್ಣಿಗೆ ಬಂದರೆ ಅಳಿಸಿಬಿಡಿ. ತಗಡಿನ ಮಾಡು, ಸಿಮೆಂಟಿನ ನೆಲ, ಹನ್ನೆರಡು ಕೇಜು, ಬೆಕ್ಕಿಗೆ ಒಂದು ಕೋಣೆ. ಇಷ್ಟೇ. ಬೆಳಗ್ಗೆ ಮೊದಲ ಕೆಲಸ ತೊಳೆಯುವುದು. ಬೆಕ್ಕಿನ ಕೋಣೆಗೆ ಬೇರೆ ಬಕೆಟ್ಟು, ಯಾಕೆಂದರೆ ಫಿನಾಯಿಲು ಬೆಕ್ಕಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಅದರ ಕಥೆ ಮುಗೀತು. ಆಮೇಲೆ ನುಚ್ಚಕ್ಕಿಗೆ ಅರಿಸಿನ ಹಾಕಿ, ಕೋಳಿ ಅಂಗಡಿಯಿಂದ ಬಂದ ಕತ್ತು ಕಾಲುಗಳ ಜೊತೆ ದೊಡ್ಡ ಪಾತೇಲಿಯಲ್ಲಿ ಬೇಯಿಸುವುದು. ಆಮೇಲೆ ಗಾಯಗಳು. ಮಳೆಗಾಲದಲ್ಲಿ ಹುಳ ಬಿದ್ದ ಗಾಯವೇ ಜಾಸ್ತಿ. ಚಿಮಟದಿಂದ ಒಂದೊಂದೇ ಹುಳ ತೆಗೆಯಬೇಕು. ಇದಕ್ಕಿಂತ ಹೆಚ್ಚು ವರ್ಣಿಸಿದರೆ ಕ್ಯಾಂಟೀನಿನಲ್ಲಿ ಕೂತು ಈ ಪುಟ ಓದುವವರ ವಡೆ ಹಾಗೇ ಉಳಿದೀತು.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಆ ಹನ್ನೆರಡರಲ್ಲಿ ನಾಲ್ಕನೇ ಕೇಜಿನಲ್ಲಿ ಒಂದು ಲ್ಯಾಬ್ರಡಾರ್ ಇದೆ. ಏಳೆಂಟು ವರ್ಷದ್ದು. ಹಿಂದಿನ ಕಾಲು ಸರಿಯಿಲ್ಲ, ಮೈ ವಿಪರೀತ ಬೆಳೆದಿದೆ. ಮನೆಯವರು ಕಾರಿನಲ್ಲಿ ತಂದು ಬಿಟ್ಟು ಹೋದರಂತೆ. "ಟ್ರಾನ್ಸ್‌ಫರ್ ಆಯ್ತು" ಎಂದರಂತೆ. ಅದರ ಜೊತೆ ಅದರದೇ ಚಾದರ, ಬಟ್ಟಲು, ಐದು ಕಿಲೋ ಡಾಗ್ ಫುಡ್ ಕೂಡ ಕೊಟ್ಟರು. ಒಳ್ಳೆಯ ಜನವೇ ಇರಬೇಕು. ಅದು ಬಂದ ಮೇಲೆ ನಾಲ್ಕು ದಿನ ಏನೂ ತಿನ್ನಲಿಲ್ಲ. ಈಗ ತಿನ್ನುತ್ತದೆ, ಆದರೆ ಕಾರು ನಿಂತ ಸದ್ದಾದರೆ ಏಳಲಾಗದಿದ್ದರೂ ಏಳುತ್ತದೆ. ಬೀದಿಯಲ್ಲೇ ಹುಟ್ಟಿದ ನಾಯಿಗೆ ಕೇಜು ಒಂದು ಆಸ್ಪತ್ರೆ: ಗಾಯ ಮಾಗಿದ ದಿನ ಬಾಲ ಎತ್ತಿಕೊಂಡು ಹೊರಡುತ್ತದೆ. ಮನೆಯ ನಾಯಿಗೆ ಹಾಗಲ್ಲ, ಅದು ಅಲ್ಲಿ ಕಾಯುತ್ತಾ ಇರುತ್ತದೆ. ಮುದಿ ಲ್ಯಾಬ್ರಡಾರನ್ನು ದತ್ತು ತೆಗೆದುಕೊಳ್ಳುವವರು ಯಾರು? ಎಲ್ಲರಿಗೂ ಮರಿ ಬೇಕು.

ಸರಿ, ಅದೊಂದು ಕರುಣಾಜನಕ ಕಥೆ, ಅಂಥವು ಬೇಕಾದಷ್ಟಿವೆ ಎನ್ನುತ್ತೀರಿ. ಕರುಣೆಯನ್ನು ಪಕ್ಕಕ್ಕಿಡೋಣ. ನಮ್ಮ ಕಾಸ್ಟಿಂಗ್ ಪುಸ್ತಕದಲ್ಲಿ ಆಪರ್ಚುನಿಟಿ ಕಾಸ್ಟ್ ಅಂತ ಒಂದು ಮಾತುಂಟು. ಒಂದು ವಸ್ತುವನ್ನು ಒಂದು ಕೆಲಸಕ್ಕೆ ಬಳಸಿದಾಗ ಅದರಿಂದ ಆಗಬಹುದಾಗಿದ್ದ ಇನ್ನೊಂದು ಕೆಲಸ ತಪ್ಪಿಹೋಗುತ್ತದಲ್ಲ, ಆ ನಷ್ಟ. ಬೀದಿಯ ನಾಯಿಯನ್ನು ಹಿಡಿದು ತಂದು, ಸಂತಾನಹರಣದ ಆಪರೇಶನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹೊಲಿಗೆ ಒಣಗುವ ತನಕ ಇಟ್ಟುಕೊಂಡು, ಹಿಡಿದ ಜಾಗಕ್ಕೇ ಮರಳಿ ಬಿಡಬೇಕು. ಒಂದು ನಾಯಿಗೆ ಐದು ದಿನ ಎಂದು ಹಿಡಿಯೋಣ. 365ನ್ನು 5ರಿಂದ ಭಾಗಿಸಿದರೆ 73. ಕೇಜು ತೊಳೆದು ಖಾಲಿ ಬಿಡುವ ದಿನ, ಡಾಕ್ಟರು ಬಾರದ ದಿನ ಎಲ್ಲ ಕಳೆದು 60 ಎನ್ನಿ. ಆ ಲ್ಯಾಬ್ರಡಾರ್ ನಾಲ್ಕನೇ ಕೇಜಿನಲ್ಲಿ ಒಂದು ವರ್ಷ ಕೂತರೆ ಅರವತ್ತು ಆಪರೇಶನ್ ತಪ್ಪಿತು. ಅದು ಇನ್ನೂ ಮೂರು ನಾಲ್ಕು ವರ್ಷ ಬದುಕಬಹುದು; ಬದುಕಲಿ ಎಂದೇ ನನ್ನ ಹಾರೈಕೆ. ಆದರೆ ಆ ಕಾರಿನವರು ಬಿಟ್ಟು ಹೋದದ್ದು ಒಂದು ನಾಯಿಯನ್ನು ಮಾತ್ರ ಎಂದು ಯಾರೂ ಹೇಳಬೇಡಿ.

ಆಪರೇಶನ್ನಿನ ಕೇಜು ಬೇರೆ, ಸಾಕಿಕೊಳ್ಳುವ ಕೇಜು ಬೇರೆ ಇರಬೇಕಲ್ಲವೇ ಎಂದು ತಿಳಿದವರು ಕೇಳಬಹುದು. ಇರಬೇಕು. ಹಣವಿರುವ ಕಡೆ ಇರುತ್ತದೆ. ಚಿಕ್ಕ ಜಾಗದಲ್ಲಿ ಇದ್ದದ್ದರಲ್ಲೇ ಹಂಚಿಕೊಳ್ಳುತ್ತಾರೆ. ಕಳೆದ ಆಗಸ್ಟಿನಲ್ಲಿ ರಿಕ್ಷಾ ಕೆಳಗೆ ಸಿಕ್ಕ ಒಂದು ಬೀದಿ ನಾಯಿಯನ್ನು ಇಬ್ಬರು ಹುಡುಗರು ಗೋಣಿಯ ಮೇಲೆ ಹೊತ್ತುಕೊಂಡು ಬಂದರು. ಜಾಗ ಇರಲಿಲ್ಲ. ಹನ್ನೆರಡರಲ್ಲಿ ಐದು ಕೇಜಿನಲ್ಲಿ ಇದ್ದದ್ದು ಮನೆಯಿಂದ ಬಂದ ನಾಯಿಗಳು. ಆ ಹುಡುಗರನ್ನು ಪರೇಲಿನ ದೊಡ್ಡ ಪ್ರಾಣಿ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ತನಕ ಅದು ಉಳಿಯಿತೋ ಇಲ್ಲವೋ, ಅವರು ಮತ್ತೆ ಬಂದು ಹೇಳಲಿಲ್ಲ.

ಹಾಗಾದರೆ ಮನೆಯ ನಾಯಿ ಶೆಲ್ಟರಿಗೆ ಬರುವುದು ಯಾಕೆ? ಮುಕ್ಕಾಲು ಪಾಲು, ತರುವಾಗ ಲೆಕ್ಕ ಹಾಕದ್ದರಿಂದ. ಮರಿಯ ಬೆಲೆ ಹದಿನೈದು ಸಾವಿರ ಎಂದರೆ ಜನ ಚೌಕಾಸಿ ಮಾಡುತ್ತಾರೆ, ಅದೇ ಪೂರ್ತಿ ಖರ್ಚು ಎಂಬ ಹಾಗೆ. ದೊಡ್ಡ ನಾಯಿಗೆ ಊಟ, ಲಸಿಕೆ, ಔಷಧಿ ಸೇರಿ ತಿಂಗಳಿಗೆ ನಾಲ್ಕು ಸಾವಿರ ಹಿಡಿಯಿರಿ. ಮುಂಬಯಿಯಲ್ಲಿ ಇದು ಕೈಬಿಗಿ ಹಿಡಿದ ಲೆಕ್ಕವೇ. ಹನ್ನೆರಡು ವರ್ಷಕ್ಕೆ 5,76,000 ರೂಪಾಯಿ. ಆ ಹದಿನೈದು ಸಾವಿರ ಇದರ ನೂರಕ್ಕೆ ಮೂರು ಪಾಲೂ ಆಗುವುದಿಲ್ಲ. ಇನ್ನು ದಿನಕ್ಕೆ ಎರಡು ಸಲ ತಿರುಗಾಡಿಸುವ ಸಮಯ, ದೀಪಾವಳಿಗೆ ಊರಿಗೆ ಹೋಗುವಾಗ ಯಾರ ಹತ್ತಿರ ಬಿಡುವುದು ಎಂಬ ತಲೆನೋವು, ಇವುಗಳಿಗೆ ಬೆಲೆ ಕಟ್ಟಿಲ್ಲ. ಲೆಡ್ಜರಿನ ಮೊದಲ ಎಂಟ್ರಿ ನೋಡಿ ವ್ಯಾಪಾರಕ್ಕೆ ಇಳಿದವನು ದಿವಾಳಿಯಾಗುತ್ತಾನೆ. ಇಲ್ಲಿ ಮಾತ್ರ ದಿವಾಳಿಯಾಗುವುದು ನಾಯಿ.

ಮತ್ತೆ ಫ್ಯಾಶನ್ನು. 2003ರಲ್ಲಿ ಹಚ್ ಟೆಲಿಫೋನ್ ಕಂಪನಿಯ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆ ಒಂದು ಪಗ್ ಬಂತು, ನೋಡಿ. ಆಮೇಲೆ ದೇಶದ ತುಂಬ ಪಗ್. ಆ ಚಪ್ಪಟೆ ಮೂಗು ಚೆಂದ ಕಾಣುತ್ತದೆ, ಆದರೆ ಆ ಮೂಗಿನಿಂದಾಗಿಯೇ ಅದಕ್ಕೆ ಉಸಿರಾಡುವುದು ಕಷ್ಟ, ಸೆಕೆ ತಡೆಯದು. ಏಪ್ರಿಲ್ ಮೇ ತಿಂಗಳಲ್ಲಿ ಲೋಕಲ್ ಟ್ರೇನಿನಲ್ಲಿ ನಾವು ಬಿಡುವ ಉಸಿರನ್ನು ಅದು ಜೀವಮಾನವಿಡೀ ಬಿಡುತ್ತದೆ. ಈಗ ಹಸ್ಕಿಯ ಸರದಿ. ಸೈಬೀರಿಯದ ಹಿಮದಲ್ಲಿ ಗಾಡಿ ಎಳೆಯಲೆಂದು ಬೆಳೆಸಿದ, ಎರಡು ಪದರ ತುಪ್ಪಳದ ನಾಯಿಯನ್ನು ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಏಸಿ ಹಾಕಿ ಸಾಕುತ್ತಾರೆ. ಕರೆಂಟು ಹೋದರೆ? ಪರದೇಶದ್ದು ಬೇಡ, ನಮ್ಮ ಕರ್ನಾಟಕದ್ದೇ ತರುತ್ತೇನೆ ಎಂದು ಹೊರಡುವ ಅಭಿಮಾನಿಗಳೂ ಇದ್ದಾರೆ, ಮುಧೋಳ ನಾಯಿ ಬೇಕು ಅಂತ. ಬಾಗಲಕೋಟೆಯ ಬಯಲಿನಲ್ಲಿ ಮೊಲ ಬೆನ್ನಟ್ಟುವುದಕ್ಕೆ ಹುಟ್ಟಿದ ನಾಯಿ ಅದು, ಓಡದೆ ಇರಲಾರದು. ಅದನ್ನು ಏಳನೇ ಮಾಳಿಗೆಯ ಬಾಲ್ಕನಿಗೆ ಕಟ್ಟಿಹಾಕುವುದು ಎಂಥ ಕನ್ನಡಾಭಿಮಾನವೋ ನನಗೆ ತಿಳಿಯದು.

ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತವಳಾದ್ದರಿಂದ ನನಗೆ ಪದಗಳ ಮೇಲೆ ಒಂದಿಷ್ಟು ಕಣ್ಣು. ನಮ್ಮ ಭಾಷೆಯಲ್ಲಿ 'ಸಾಕು' ಎಂದರೆ ಎರಡು ಅರ್ಥ. ಪೋಷಿಸು ಎಂಬುದು ಒಂದು: ಸಾಕುತಾಯಿ, ಸಾಕುಮಗ, ಸಾಕುನಾಯಿ. ಇನ್ನೊಂದು, ಇಷ್ಟಾಯಿತು, ಇನ್ನು ಬೇಡ. ಶೆಲ್ಟರಿನ ರಿಜಿಸ್ಟರಿನಲ್ಲಿ 'ಕಾರಣ' ಎಂಬ ಕಾಲಂ ಓದುವಾಗೆಲ್ಲ ಮೊದಲನೆಯ ಅರ್ಥದಿಂದ ಎರಡನೆಯದಕ್ಕೆ ಜನ ಎಷ್ಟು ಬೇಗ ಬರುತ್ತಾರೆ ಎಂದು ಆಶ್ಚರ್ಯವಾಗುತ್ತದೆ. 'ಮಗು ಹುಟ್ಟಿತು.' 'ಮದುವೆ ನಿಶ್ಚಯ.' 'ಕೂದಲು ಉದುರುತ್ತದೆ.' ಕೂದಲು ಉದುರುವುದು ಗೊತ್ತಿರಲಿಲ್ಲವೆ ಸ್ವಾಮಿ?

ಒಂದು ಕಾರಣವನ್ನು ಮಾತ್ರ ನಾನು ಅಷ್ಟು ಹಗುರವಾಗಿ ಕಾಣಲಾರೆ: 'ಸೊಸೈಟಿಯವರು ಬಿಡುವುದಿಲ್ಲ.' ಸೆಕ್ರೆಟರಿ, ಚೇರ್ಮನ್ ಸೇರಿ ನೋಟೀಸು ಹಾಕಿದರೆ ಬಾಡಿಗೆದಾರ ಪಾಪದವನು ಏನು ಮಾಡಬೇಕು? ಇಂಥವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸದಸ್ಯರೆಲ್ಲ ಕೂಡಿ ಬಹುಮತದಿಂದ ಠರಾವು ಪಾಸು ಮಾಡಿದರೂ ಸೊಸೈಟಿ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ. ಅದೇ ಸೂಚನೆ ಸಾಕುವವರ ಕಡೆಗೂ ಬೆರಳು ತೋರಿಸುತ್ತದೆ: ಹೊರಗೆ ತಂದಾಗ ಬೆಲ್ಟು ಹಾಕಿ, ಹೇತರೆ ಎತ್ತಿ, ಲಸಿಕೆ ಹಾಕಿಸಿ. ಈ ಎರಡನೇ ಭಾಗವನ್ನು ಸಾಕುವವರು ಓದಿದರೆ ಮೊದಲನೇ ಭಾಗದ ಜಗಳ ಅರ್ಧಕ್ಕರ್ಧ ಇಲ್ಲವಾಗುತ್ತಿತ್ತು.

ಇನ್ನು ಹೆಣ್ಣು ಮರಿಗಳ ವಿಷಯ. ಇದನ್ನು ಬರೆಯದೆ ಬಿಟ್ಟರೆ ಊರಿನವರೆಲ್ಲ ಪುಣ್ಯವಂತರು, ಮುಂಬಯಿಯ ಫ್ಲಾಟಿನವರೇ ಪಾಪಿಗಳು ಎಂದಾದೀತು. ನಮ್ಮದು ಕುಂದಾಪುರದ ಕಡೆ. ಅಲ್ಲಿ ನಾಯಿಗೆ ಗಂಜಿ ಹಾಕದೆ ಅಮ್ಮ ಉಣ್ಣುವವಳಲ್ಲ. "ಅದ್ಕೂ ಒಂದ್ ಹೊಟ್ಟಿ ಇತ್ತಲ್ದಾ" ಎನ್ನುತ್ತಾಳೆ. ಅದೇ ಊರಿನಲ್ಲಿ ನಾಯಿ ಮರಿ ಹಾಕಿದರೆ ಗಂಡುಮರಿಗಳು ಮನೆಮನೆಗೆ ಹಂಚಿ ಹೋಗುತ್ತವೆ. ಹೆಣ್ಣು ಮರಿಗಳು ಗೋಣಿಚೀಲದಲ್ಲಿ ಹೊಳೆಯಾಚೆಗೋ ಮೀನು ಮಾರ್ಕೆಟಿಗೋ ಹೋಗುತ್ತವೆ. ಬೆಕ್ಕಿನ ಮರಿಗಳಿಗೆ ಗಂಡು ಹೆಣ್ಣೆಂಬ ಭೇದವೂ ಇಲ್ಲ, ಎಲ್ಲವೂ ಮಾರ್ಕೆಟಿಗೇ. "ಅಲ್ಲಿ ಮೀನಿನ ತಲೆ ಸಿಗ್ತದೆ, ಬದುಕ್ತಾವೆ" ಎಂದು ಸಮಾಧಾನ. ಒಂದೂವರೆ ತಿಂಗಳ ಮರಿ ಪಾರ್ವೊ ರೋಗದಲ್ಲಿ ರಕ್ತ ಬೇಧಿಯಾಗಿ ಎರಡು ಮೂರು ದಿನದಲ್ಲಿ ಸಾಯುವುದನ್ನು ನೋಡಿದವರು ಆ ಮಾತು ಹೇಳುವುದಿಲ್ಲ. ಹೆಣ್ಣು ಯಾಕೆ ಬೇಡ ಎಂದರೆ, ಅದು ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಒಂಬತ್ತು ವಾರದಲ್ಲಿ ಮರಿ ಹಾಕುತ್ತದೆ. ಒಂದು ಆಪರೇಶನ್ನಿನಲ್ಲಿ ತೀರುವ ಈ ಕಾರಣಕ್ಕೆ ತಲೆಮಾರುಗಟ್ಟಲೆ ಗೋಣಿಚೀಲ. ಮನೆಯ ಹುಡುಗಿಯರು ಎಷ್ಟು ಓದಬೇಕೆಂದು ತೀರ್ಮಾನಿಸುವ ಅದೇ ಜಗುಲಿಯಲ್ಲೇ ಇದೂ ತೀರ್ಮಾನವಾಗುತ್ತದೆ. ಇದನ್ನು ಎಳೆದು ದೊಡ್ಡದು ಮಾಡಲು ನನಗೆ ಇಷ್ಟವಿಲ್ಲ, ಮನಸ್ಸಿಗೆ ಬಂದದ್ದು ಹೇಳಿದೆ.

ಒಂದು ಜೋಡಿ ನಾಯಿಯಿಂದ ಆರು ವರ್ಷದಲ್ಲಿ 67,000 ನಾಯಿಗಳಾಗುತ್ತವೆ ಎಂದು ಕೆಲವು ಪೋಸ್ಟರುಗಳಲ್ಲಿ ಬರೆದಿರುತ್ತದೆ. ಹುಟ್ಟಿದ ಮರಿಗಳೆಲ್ಲ ಬದುಕಿ ಎಲ್ಲವೂ ಮರಿ ಹಾಕಿದರೆ ಬರುವ ಲೆಕ್ಕ ಅದು. ಬೀದಿಯಲ್ಲಿ ಹಾಗಾಗುವುದಿಲ್ಲ, ಬಹಳಷ್ಟು ಮರಿಗಳು ಮೊದಲ ವರ್ಷವೇ ದಾಟುವುದಿಲ್ಲ. ಒಳ್ಳೆಯ ಕೆಲಸಕ್ಕೆ ಸುಳ್ಳು ಬ್ಯಾಲೆನ್ಸ್ ಶೀಟು ಬೇಕಿಲ್ಲ. ಸಾಯುವುದಕ್ಕೆಂದೇ ಅಷ್ಟು ಮರಿಗಳು ಹುಟ್ಟುತ್ತವೆ ಎಂಬ ನಿಜವೇ ಸಾಲದೆ?

"ನಾಯಿಗಳ ಬಗ್ಗೆ ಇಷ್ಟು ಬರೀತೀರಿ, ನಾಯಿ ಕಚ್ಚಿಸಿಕೊಂಡ ಬಡವರ ಬಗ್ಗೆ?" ಈ ಪ್ರಶ್ನೆ ಬರುತ್ತದೆ, ಬರಲೇಬೇಕು. ನನ್ನ ಅಪ್ಪ ಹೋಟೆಲ್ ಕೆಲಸಗಾರ. ಬೆಳಗಿನ ಜಾವ ನಾಲ್ಕಕ್ಕೆ ಇಡ್ಲಿ ಪಾತ್ರೆ ಏರಿಸಬೇಕಾದವರು ಮೂರೂವರೆಗೆ ಕತ್ತಲೆಯಲ್ಲಿ ನಡೆದು ಹೋಗುತ್ತಾರೆ. ಎರಡು ವರ್ಷದ ಹಿಂದೆ ಅವರ ಮೀನಖಂಡಕ್ಕೆ ನಾಯಿ ಕಚ್ಚಿತು. ಮೆಟ್ಟಿಲಿನ ಕೆಳಗೆ ಮರಿ ಹಾಕಿಕೊಂಡಿದ್ದ ನಾಯಿ. ಕಚ್ಚಿದ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಮುನಿಸಿಪಲ್ ಆಸ್ಪತ್ರೆಯ ಕ್ಯೂ. ಗಾಯಕ್ಕೆ ಸುಣ್ಣ ಮೆಣಸಿನಪುಡಿ ಮೆತ್ತಲು ಬಂದ ಪಕ್ಕದ ಮನೆಯವರನ್ನು ತಡೆದು, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದವಳು ನಾನೇ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ, ಸಾವೇ. ಆದ್ದರಿಂದ ನಾಯಿಗೆ ಹೆದರುವವರನ್ನು ಕ್ರೂರಿಗಳೆಂದು ಬೈಯುವ ಗುಂಪಿಗೆ ನಾನು ಸೇರಿದವಳಲ್ಲ. ಮರಿಯಿರುವ ತಾಯಿ ಕಚ್ಚುತ್ತದೆ, ಬೆದೆಯ ಕಾಲದಲ್ಲಿ ಗುಂಪು ಕಟ್ಟಿದ ಗಂಡುಗಳು ಕಚ್ಚುತ್ತವೆ. ಆಪರೇಶನ್ ಆದ, ಲಸಿಕೆ ಹಾಕಿದ ನಾಯಿ ಇದ್ದ ಬೀದಿಯಲ್ಲಿ ಅಪ್ಪ ನಡೆದು ಹೋಗುವುದು ಹೆಚ್ಚು ಸುರಕ್ಷಿತ. ಆ ಅರವತ್ತು ಆಪರೇಶನ್ ತಪ್ಪಿದ್ದರ ಬಡ್ಡಿ ಕಟ್ಟುವವರು ಕಾರಿನವರಲ್ಲ, ಮೂರೂವರೆಗೆ ನಡೆಯುವವರು.

ಈ ಊರಿಗೆ ನಾಯಿಯ ಬಗ್ಗೆ ಮರುಕ ಹೊಸತಲ್ಲ. 1832ರಲ್ಲಿ ಬ್ರಿಟಿಷರು ಬೀದಿ ನಾಯಿಗಳನ್ನು ಕೊಲ್ಲಿಸತೊಡಗಿದಾಗ ಕೋಟೆ ಪ್ರದೇಶದಲ್ಲಿ ಪಾರಸಿಗಳು ದಂಗೆ ಎದ್ದರು, ಅಂಗಡಿ ಮುಂಗಟ್ಟು ಬಂದ್ ಆಯಿತು. ಎರಡು ವರ್ಷದಲ್ಲೇ, 1834ರಲ್ಲಿ, ಜಮ್ಷೆಟ್‌ಜಿ ಜೀಜಿಭಾಯಿಯವರೂ ಅಮೀಚಂದ್ ಶಾ ಅವರೂ ಸೇರಿ ಪಾಂಜರಪೋಳ ಕಟ್ಟಿಸಿದರು. ಭೂಲೇಶ್ವರದಲ್ಲಿ ಅದು ಈಗಲೂ ಇದೆ. ಮದ್ರಾಸಿನಲ್ಲಿ ಬ್ಲೂ ಕ್ರಾಸ್ ಸಂಸ್ಥೆಯವರು ಅರವತ್ತರ ದಶಕದಿಂದ "ಕೊಲ್ಲಬೇಡಿ, ಆಪರೇಶನ್ ಮಾಡಿ" ಎಂದು ಹೇಳುತ್ತಾ ಬಂದು, ಅಲ್ಲಿನ ಕಾರ್ಪೊರೇಶನ್ ಒಪ್ಪಿಕೊಂಡದ್ದು 1996ರಲ್ಲಿ. ದೇಶಕ್ಕೆಲ್ಲ ನಿಯಮವಾದದ್ದು 2001ರಲ್ಲಿ. ಹೊಸ ನಿಯಮಗಳು 2023ರಲ್ಲಿ ಬಂದವು. ಕಾಯಿದೆಯ ಕಥೆ ಮಾತ್ರ ನಗು ಬರಿಸುತ್ತದೆ. ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹೋರಾಡಿದ್ದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟುಹೋಗುವುದು ಅದರ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಆ ಕಾಯಿದೆ ಇಟ್ಟ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಎರಡು ವಡಾಪಾವ್, ಒಂದು ಕಟಿಂಗ್ ಚಾ! ದಂಡ ಹೆಚ್ಚಿಸಲು ಕೇಂದ್ರ ಸರಕಾರ 2022ರಲ್ಲಿ ಒಂದು ಕರಡು ಮಸೂದೆ ಹೊರಡಿಸಿತ್ತು. ಸಾಲದ ಮೇಲೆ ಇಷ್ಟು ಕಮ್ಮಿ ಬಡ್ಡಿ ಹಾಕುವ ಬ್ಯಾಂಕಿಗೆ ಯಾರು ತಾನೆ ಸಾಲ ತೀರಿಸುತ್ತಾರೆ?

ಈಗ ನಮ್ಮ ಕಾಲೇಜಿನ ಮಾತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದಿಲ್ಲಿಯ ಬೀದಿ ನಾಯಿಗಳನ್ನೆಲ್ಲ ಶೆಲ್ಟರಿಗೆ ಸೇರಿಸಿ ಎಂದಿತು. 22ರಂದು ಅದನ್ನು ತಿದ್ದಿ, ಆಪರೇಶನ್ ಮತ್ತು ಲಸಿಕೆ ಮಾಡಿಸಿ ಅದೇ ಜಾಗಕ್ಕೆ ಬಿಡಿ, ರೇಬೀಸ್ ಇರುವ ಅಥವಾ ಮೇಲೆ ಬೀಳುವ ಸ್ವಭಾವದ ನಾಯಿಗಳನ್ನು ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ರಂದು ಶಾಲೆ ಕಾಲೇಜು, ಆಸ್ಪತ್ರೆ, ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಶನ್ನುಗಳ ಆವರಣದ ನಾಯಿಗಳನ್ನು ತೆಗೆದು ಶೆಲ್ಟರಿನಲ್ಲಿಡಿ, ಅಲ್ಲಿಗೆ ಮರಳಿ ಬಿಡಬೇಡಿ ಎಂದು ಇನ್ನೊಂದು ಆದೇಶ ಕೊಟ್ಟಿತು. ಕೂಡಲೆ ನಮ್ಮ ಕ್ಯಾಂಟೀನ್ ಹಿಂದಿನ ಎರಡು ನಾಯಿಗಳ ಪರವಾಗಿ ಸಹಿ ಸಂಗ್ರಹ ಶುರುವಾಯಿತು. ಮುನ್ನೂರಕ್ಕೂ ಹೆಚ್ಚು ಸಹಿ! ಸಂತೋಷ. ನಾನೂ ಹಾಕಿದ್ದೇನೆ. ಆದರೆ ಕೆಲವು ಮಾತು ಕೇಳಲೇಬೇಕು. ಶೆಲ್ಟರಿನಲ್ಲಿಡಿ ಎಂದು ಕೋರ್ಟು ಹೇಳಿದಾಗ 'ಜಾಗ ಎಲ್ಲಿ' ಎಂದು ಎಲ್ಲರೂ ಕೂಗಿದೆವು. ಆ ಜಾಗದಲ್ಲಿ ಯಾರ ಮನೆಯ ಪಗ್ಗು, ಯಾರ ಮನೆಯ ಲ್ಯಾಬ್ರಡಾರು ಕೂತಿದೆ? ಸಹಿ ಹಾಕಿದವರಲ್ಲೇ ಒಬ್ಬ ಗೆಳತಿ ತನ್ನ ಹುಟ್ಟುಹಬ್ಬಕ್ಕೆ ಅಣ್ಣ ಕೊಡಿಸಿದ ಮರಿಯನ್ನು ಪರೀಕ್ಷೆ ಮುಗಿದ ಮೇಲೆ "ನಿಮ್ಮ ಶೆಲ್ಟರಿಗೆ ಸೇರಿಸ್ಕೊಳ್ತೀಯೇನೇ" ಎಂದು ನನ್ನನ್ನೇ ಕೇಳಿದಳು. ಇಲ್ಲ ಎಂದೆ. ಈಗ ಮಾತು ಬಿಟ್ಟಿದ್ದಾಳೆ. ಮರಿ ಅವಳ ಮನೆಯಲ್ಲೇ ಇದೆ, ಅದಕ್ಕೆ ಲಸಿಕೆಯೂ ಆಗಿದೆ ಎಂದು ಬೇರೆಯವರಿಂದ ತಿಳಿಯಿತು.

ನಾಯಿಗೆ ಬಿಸ್ಕಿಟ್ ಹಾಕುವವರಿಗೂ ಅದೇ ಮಾತು. ಮೂರು ವರ್ಷ ಹಾಕಿ, ಡಿಗ್ರಿ ಮುಗಿಸಿ ಹೋಗುತ್ತೀರಿ. ಕ್ಯಾಂಟೀನ್ ಹಿಂದಿನ ಎರಡರಲ್ಲಿ ಗಂಡಿನ ಕಿವಿಯ ತುದಿ ಕತ್ತರಿಸಿದೆ, ಅಂದರೆ ಆಪರೇಶನ್ ಆಗಿದೆ. ಕಪ್ಪು ಹೆಣ್ಣಿನ ಎರಡೂ ಕಿವಿ ಪೂರ್ತಿ ಇವೆ. ಮುನ್ನೂರು ಜನ ಸಹಿ ಹಾಕುವಾಗ ಇದನ್ನು ಯಾರೂ ನೋಡಿರಲಿಲ್ಲ. ಅದಕ್ಕೆ ಆಪರೇಶನ್ ಆಗುವ ಮೊದಲು ಅದನ್ನು ಇಲ್ಲಿಂದ ಒಯ್ದರೂ ಇಲ್ಲೇ ಬಿಟ್ಟರೂ ಮರಿಗಳಂತೂ ಹುಟ್ಟುತ್ತವೆ.

ಮುಂದಿನ ತಿಂಗಳ ಎರಡನೇ ಭಾನುವಾರ ಶೆಲ್ಟರಿನ ಡಾಕ್ಟರು ಒಂದು ಜಾಗ ಕೊಡುತ್ತೇನೆ ಎಂದಿದ್ದಾರೆ. ಪ್ರಿನ್ಸಿಪಾಲರ ಅನುಮತಿಯೂ ಸಿಕ್ಕಿದೆ. ಹಿಡಿಯುವವರು ಶೆಲ್ಟರಿನಿಂದ ಬರುತ್ತಾರೆ. ಹಿಂದಿನ ರಾತ್ರಿಯಿಂದ ಅದಕ್ಕೆ ಯಾರೂ ಏನೂ ತಿನ್ನಿಸಬಾರದು, ಬಿಸ್ಕಿಟ್ ಕೂಡ. ಬೆಳಗ್ಗೆ ಏಳಕ್ಕೆ ಗೇಟಿನ ಹತ್ತಿರ ನಾಲ್ಕು ಜನ ಬೇಕು, ಟೆಂಪೋ ಬಾಡಿಗೆಗೆ ತಲೆಗೆ ನೂರು ರೂಪಾಯಿ. ನಮ್ಮ ಕನ್ನಡ ಸಂಘದ ಗೋಡೆಪತ್ರಿಕೆಯ ಕೆಳಗೆ ಒಂದು ಹಾಳೆ ಅಂಟಿಸಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಅದರಲ್ಲಿ ಎರಡು ಹೆಸರಿವೆ, ಒಂದು ನನ್ನದು.